ಎರಡೂವರೆ ಮಿಲಿಮೀಟರ್‌ಗೆ ಹದಿನಾರು ದಿನ

ನಿನ್ನೆ ರಾತ್ರಿ ಒಂಬತ್ತನೇ ಕುಪ್ಪಸಕ್ಕೆ ಹುಕ್ಕು ಹಾಕಿ ಮೇಲೆದ್ದೆ. ಖಣದಲ್ಲಿ (ಕುಪ್ಪಸಕ್ಕೆಂದೇ ನೇಯ್ದ ಬಟ್ಟೆ) ಒಂಬತ್ತು ಕುಪ್ಪಸ ಹೊಲಿಯಲು ನನಗೆ ಆರು ದಿನ ಸಾಕು. ಈ ಸಲ ಇಪ್ಪತ್ತೆರಡು ದಿನ ಹಿಡಿಯಿತು. ಹೆಚ್ಚಿನ ಹದಿನಾರು ದಿನ ನುಂಗಿದ್ದು ಬಾಬಿನ್, ಹೊಲಿಗೆ ಮಷೀನಿನಲ್ಲಿ ಕೆಳದಾರ ಸುತ್ತಿಡುವ ಪುಟ್ಟ ಉರುಳೆ. ಹೊಸದಾಗಿ ಮಷೀನು ತಗೊಂಡವರು, ಅವ್ವನ ಹಳೇ ಮಷೀನಿನ ಧೂಳು ಒರೆಸಿ ಮತ್ತೆ ಹೊಲಿಯಲು ಕೂತವರು ಈ ಗೋಳಿಗೆ ಸಿಗಬಾರದು ಅಂತ ನಡೆದದ್ದನ್ನು ನಡೆದ ಹಾಗೇ ಬರೆಯುತ್ತಿದ್ದೇನೆ.

ನಾನಿರುವುದು ಹುಬ್ಬಳ್ಳಿಯಲ್ಲಿ. ತವರು ಖಣ ನೇಯುವ ಊರು ಗುಳೇದಗುಡ್ಡ. ಹಾಗಾಗಿ ನಾಗರಪಂಚಮಿ ಹತ್ತಿರ ಬಂದರೆ ಓಣಿಯ ಹೆಂಗಸರು ಖಣ ಹಿಡಿದುಕೊಂಡು ನನ್ನ ಮನೆಗೇ ಬರುತ್ತಾರೆ. ಯುಗಾದಿಗೆ ಹೊಸ ಮಷೀನು ತಗೊಂಡಿದ್ದೆ. ಮೋಟರ್ ಇರುವುದು, ಜಿಗ್‌ಜಾಗ್ ಹಾಕುವುದು, ಬಾಬಿನ್ ಕೇಸನ್ನು (ಬಾಬಿನ್ ಕೂರುವ ಪುಟ್ಟ ಡಬ್ಬಿ) ಮುಂದಿನಿಂದ ಕೂರಿಸುವ ಮಾದರಿ. ಬೆಲೆ ₹11,800. ಅದರ ಜೊತೆಗೆ ಬಂದದ್ದು ನಾಲ್ಕೇ ನಾಲ್ಕು ಪ್ಲಾಸ್ಟಿಕ್ ಬಾಬಿನ್. ಒಂಬತ್ತು ಕುಪ್ಪಸ ಅಂದರೆ ಒಂಬತ್ತು ಬಣ್ಣದ ದಾರ. ನಾಲ್ಕು ಎಲ್ಲಿ ಸಾಲುತ್ತವೆ? ಒಂದು ಬಣ್ಣ ಬಿಚ್ಚಿ ಇನ್ನೊಂದು ಸುತ್ತುವುದರಲ್ಲೇ ದಿನ ಹೋಗುತ್ತದೆ. ಅದಕ್ಕೆ ಪೇಟೆಯ ಒಂದು ಅಂಗಡಿಯಲ್ಲಿ ಹತ್ತು ಸ್ಟೀಲ್ ಬಾಬಿನ್‌ಗಳ ಪಾಕೀಟು ತಂದೆ. ₹90. ಅಂಗಡಿಯವರು ಯಾವ ಮಷೀನು ಅಂತ ಕೇಳಲಿಲ್ಲ. ನಾನೂ ಹೇಳಲಿಲ್ಲ. ಬಾಬಿನ್ ಅಂದರೆ ಬಾಬಿನ್ ಅಂತ ತಿಳಿದುಕೊಂಡಿದ್ದೆ.

ಮನೆಗೆ ಬಂದು ಹಳೇ ಪ್ಲಾಸ್ಟಿಕ್ ಬಾಬಿನ್ ಮೇಲೆ ಹೊಸದನ್ನು ಇಟ್ಟು ನೋಡಿದೆ. ಅಂಚಿಗೆ ಅಂಚು ಸರಿಯಾಗಿ ಕೂತಿತು. ಕೇಸಿನೊಳಗೂ ಸಲೀಸಾಗಿ ಹೋಯಿತು. ಅಷ್ಟಕ್ಕೇ ಸಮಾಧಾನವಾಗಿ ದಾರ ಸುತ್ತಿ ಶುರು ಮಾಡಿಬಿಟ್ಟೆ.

ಮೊದಲ ಗೇಣು ಹೊಲಿಗೆ ಚೆನ್ನಾಗಿಯೇ ಬಂತು. ಆಮೇಲೆ ಒಳಗಿನಿಂದ ಗಡಗಡ ಸದ್ದು. ಕೆಳಗಿನ ಹೊಲಿಗೆ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಒಂದು ಮೊಳ ಹೋಗುವಷ್ಟರಲ್ಲಿ ದಾರ ಗಂಟುಗಂಟಾಗಿ, ಬಟ್ಟೆಯನ್ನು ಮುಂದೆ ಸರಿಸುವ ಹಲ್ಲಿಗೆ ಸಿಕ್ಕಿಕೊಂಡಿತು. ಕತ್ತರಿಸಿ ತೆಗೆದೆ. ಮತ್ತೆ ಅದೇ. ಮೇಲ್ದಾರದ ಬಿಗಿ ಹೊಂದಿಸುವ ಟೆನ್ಷನ್ ಗುಂಡಿಯನ್ನು 4ರಿಂದ 6ಕ್ಕೆ ತಿರುಗಿಸಿದೆ, 3ಕ್ಕೆ ಇಳಿಸಿದೆ. ದಾರವನ್ನು ಪೂರ್ತಿ ಬಿಚ್ಚಿ ಮತ್ತೆ ಪೋಣಿಸಿದೆ. 11ನೇ ನಂಬರಿನ ಸೂಜಿ ತೆಗೆದು 14ನೇದು ಹಾಕಿದೆ. ₹60 ಕೊಟ್ಟು ಹೊಸ ಸೂಜಿ ಪಾಕೀಟು ಒಡೆದೆ. ಎರಡನೇ ದಿನ ಒಂದು ಸೂಜಿ ಮುರಿದು ತುಂಡು ಹಾರಿತು. ಮಗ ಪಕ್ಕದಲ್ಲೇ ಕೂತು ಬರೆಯುತ್ತಿದ್ದ. ಎದೆ ಝಲ್ಲೆಂದಿತು. ಅವತ್ತು ಮತ್ತೆ ಮಷೀನು ಮುಟ್ಟಲಿಲ್ಲ.

ಮೂರನೇ ದಿನ ನಾನು ಮಾಡಿದ ಕೆಲಸವನ್ನು ಮಾತ್ರ ಯಾರೂ ಮಾಡಬೇಡಿ. ಬಾಬಿನ್ ಕೇಸಿನ ಹೊರಮೈಯಲ್ಲಿ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಕೆಳದಾರದ ಬಿಗಿ ನಿಂತಿರುವುದು ಅದರ ಮೇಲೆ. ಮೊದಲು ಎಲ್ಲಿತ್ತು ಅಂತ ಗುರುತು ಮಾಡಿಕೊಳ್ಳದೆ ಅದನ್ನು ಆ ಕಡೆ ಈ ಕಡೆ ತಿರುಗಿಸಿದೆ. ಒಂದು ಹಂತದಲ್ಲಿ ಸ್ಕ್ರೂ ಕಳಚಿ ನೆಲಕ್ಕೆ ಬಿದ್ದು ಎಲ್ಲೋ ಹೋಯಿತು. ಸಾಸಿವೆಗಿಂತ ಸ್ವಲ್ಪ ದೊಡ್ಡದು, ಎಲ್ಲಿ ಅಂತ ಹುಡುಕುವುದು? ಮೊಬೈಲ್ ಟಾರ್ಚು ಹಚ್ಚಿ ಒಂದು ತಾಸು ಹುಡುಕಿದ ಮೇಲೆ ಸಿಕ್ಕಿತು. ಅದನ್ನು ಮುಟ್ಟಲೇಬೇಕಾಗಿ ಬಂದರೆ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ. ಗಡಿಯಾರದ ಮುಖ ಅಂದುಕೊಂಡು, ಒಂದು ಸಲಕ್ಕೆ ಐದು ನಿಮಿಷದಷ್ಟು ಮಾತ್ರ ತಿರುಗಿಸಿ. ಕೆಳಗೆ ಒಂದು ಬಿಳಿ ಟವೆಲ್ ಹಾಸಿಕೊಳ್ಳಿ.

ನಾಲ್ಕನೇ ದಿನ ಸರ್ವಿಸ್‌ಗೆ ಫೋನ್ ಮಾಡಿದೆ. ದೂರಿನ ನಂಬರ್ ಕೊಟ್ಟು ಮೂರು ದಿನದಲ್ಲಿ ಬರುತ್ತಾರೆ ಅಂದರು. ಬಂದದ್ದು ಹತ್ತನೇ ದಿನ. ಆ ಆರು ದಿನ ನಾನು ಪಟ್ಟ ಸಂಕಟ ಹೇಳತೀರದು. ಖಣ ಕೊಟ್ಟವರು ದಾರಿಯಲ್ಲಿ ಸಿಕ್ಕರೆ "ಆಯ್ತೇನ್ರೀ?" ಅಂತ ಕೇಳುತ್ತಿದ್ದರು. "ಆಗ್ತದ್ರೀ" ಅನ್ನುವುದು ಬಿಟ್ಟರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಗಲೇ ಒಂದು ಖಣ ಹಾಳಾಗಿತ್ತು. ಹೊಲಿಗೆ ಬಿಚ್ಚಿ ಬಿಚ್ಚಿ ಅಂಚಿನಲ್ಲಿ ಸೂಜಿ ತೂತು ಎದ್ದು ಕಾಣುತ್ತಿದ್ದವು. ನೇಯ್ದವರ ಕೈ ಎಷ್ಟು ನೋಯುತ್ತದೆ ಅಂತ ಚಿಕ್ಕಂದಿನಿಂದ ನೋಡಿದವಳು ನಾನು. ಅದನ್ನು ಮಡಚಿ ಪಕ್ಕಕ್ಕಿಡುವಾಗ ಕಣ್ಣಲ್ಲಿ ನೀರು ಬಂತು. ಅಂಥದ್ದೇ ಇನ್ನೊಂದನ್ನು ₹250 ಕೊಟ್ಟು ನಾನೇ ತಂದಿಟ್ಟೆ.

ಸರ್ವಿಸಿನ ಹುಡುಗ ಬಂದವನೇ ಬಿಲ್ ಮತ್ತು ವಾರಂಟಿ ಕಾರ್ಡ್ ಕೇಳಿದ. ಬಿಲ್ ಇತ್ತು. ಕಾರ್ಡಿನ ಮೇಲೆ ಮಾರಿದವರ ಮುದ್ರೆ ಇರಲಿಲ್ಲ. ಮುದ್ರೆ ಇಲ್ಲದಿದ್ದರೆ ಭೇಟಿಯ ದುಡ್ಡು ಕೊಡಬೇಕು ಅಂದ. ₹350. ಮಷೀನು ತಗೊಂಡ ದಿನವೇ ಅಂಗಡಿಯಲ್ಲಿ ನಿಂತು ಈ ನಾಲ್ಕು ಕೆಲಸ ಮುಗಿಸಿಕೊಳ್ಳಿ: ಕಾರ್ಡಿಗೆ ಮುದ್ರೆ, ಅದರ ಮೇಲೆ ತಾರೀಖು, ಬಿಲ್ಲಿನಲ್ಲಿ ಮಷೀನಿನ ಸೀರಿಯಲ್ ನಂಬರ್, ಎಲ್ಲದರದ್ದೂ ಒಂದು ಫೋಟೋ.

ಅವನು ಎಣ್ಣೆ ಬಿಟ್ಟ. ಕೇಸಿನ ಸುತ್ತ ದಾರ ದಾಟಿಸುವ ಶಟಲ್ ತೆಗೆದು ಧೂಳು ಒರೆಸಿದ. ಚೀಲದಿಂದ ತನ್ನದೇ ಕೇಸು, ತನ್ನದೇ ಬಾಬಿನ್ ತೆಗೆದು ಹಾಕಿ ಒಂದು ಚಿಂದಿ ಬಟ್ಟೆ ಹೊಲಿದು ತೋರಿಸಿದ. ಮುತ್ತು ಪೋಣಿಸಿದಂಥ ಹೊಲಿಗೆ. "ಮಷೀನು ಸರಿ ಐತ್ರೀ" ಅಂದು ತನ್ನದನ್ನು ತೆಗೆದುಕೊಂಡು ಹೊರಟ. ಕೇಸಿನ ಸ್ಕ್ರೂ ನಾನು ತಿರುಗಿಸಿದ್ದರಿಂದ ಹೊಸ ಕೇಸು ಹಾಕಿದರೆ ಒಳ್ಳೆಯದು ಅಂತ ಹೇಳಿ ಒಂದು ಕೊಟ್ಟು ಹೋದ. ಅದಕ್ಕೆ ₹180. ರಾತ್ರಿ ಊಟ ಮುಗಿಸಿ ಖುಷಿಯಿಂದ ಕೂತು ಹೊಸ ಕೇಸಿಗೆ ನನ್ನ ಸ್ಟೀಲ್ ಬಾಬಿನ್ ಹಾಕಿದೆ. ಒಂದು ಗೇಣು ಆದ ಮೇಲೆ ಅದೇ ಗಡಗಡ.

ಅವನ ಬಾಬಿನ್‌ನಲ್ಲಿ ಬಂದ ಹೊಲಿಗೆ ನನ್ನ ಬಾಬಿನ್‌ನಲ್ಲಿ ಬರುತ್ತಿಲ್ಲ ಅನ್ನುವುದು ಅವತ್ತು ನನ್ನ ಕಣ್ಣ ಮುಂದೆಯೇ ಇತ್ತು. ಹೊಳೆಯಲಿಲ್ಲ. ಮಷೀನನ್ನೇ ಬೈದುಕೊಂಡು ಮಲಗಿದೆ. ಮರುದಿನ ಮತ್ತೆ ಫೋನ್ ಮಾಡಿದರೆ ಇನ್ನೂ ಐದು ದಿನ ಕಾಯಿರಿ ಅಂದರು.

ಹನ್ನೆರಡನೇ ದಿನ ಅವ್ವನ ಕಪ್ಪು ಕಾಲು ಮಷೀನನ್ನು ಹೊರಗೆ ತೆಗೆಸಿದೆ. ಅಟ್ಟದ ಕೆಳಗೆ ವರ್ಷಗಟ್ಟಲೆ ಕೂತಿತ್ತು. ಅದರ ಡಬ್ಬಿಯಲ್ಲಿ ಆರು ಸ್ಟೀಲ್ ಬಾಬಿನ್ ಇದ್ದವು. ಮಳೆಗಾಲದ ತೇವಕ್ಕೆ ಎರಡಕ್ಕೆ ತುಕ್ಕು. ಹೀಗೆ ಹಳೇ ಬಾಬಿನ್ ಸಿಕ್ಕರೆ ಅಂಚಿನ ಸುತ್ತ ಸ್ವಲ್ಪ ಹತ್ತಿ ಒರೆಸಿ ನೋಡಿ. ಎಲ್ಲಾದರೂ ಎಳೆ ಸಿಕ್ಕಿಕೊಂಡರೆ ಅಲ್ಲಿ ಮೊನೆ ಎದ್ದಿದೆ ಅಂತ ಅರ್ಥ. ಅಂಥದ್ದು ದಾರವನ್ನು ಗೀರಿ ತುಂಡು ಮಾಡುತ್ತದೆ. ಎಷ್ಟೇ ಪ್ರೀತಿ ಇದ್ದರೂ ಎಸೆಯಿರಿ. ಅವ್ವನ ಆ ಎರಡನ್ನು ಎಸೆಯಲು ನನಗೂ ಮನಸ್ಸು ಬರಲಿಲ್ಲ, ದೇವರ ಗೂಡಿನಲ್ಲಿ ಇಟ್ಟಿದ್ದೇನೆ. ಮಷೀನಿಗೆ ಮಾತ್ರ ಹಾಕುವುದಿಲ್ಲ.

ಕಪ್ಪು ಮಷೀನು ತಿರುಗಿತು. ಆದರೆ ಚಕ್ರದ ಪಕ್ಕದಲ್ಲಿರುವ ದಾರ ಸುತ್ತುವ ಕೈ ಕೆಲಸ ಮಾಡಲಿಲ್ಲ. ಅದರ ರಬ್ಬರ್ ಉಂಗುರ ಒಣಗಿ ಕಲ್ಲಾಗಿತ್ತು. ಚಕ್ರಕ್ಕೆ ಒತ್ತಿದರೂ ಜಾರುತ್ತಿತ್ತು. ಆ ಉಂಗುರ ತರಬೇಕು ಅಂತಲೇ ಹದಿನಾಲ್ಕನೇ ದಿನ ಮೂರೂ ಬಗೆಯ ಬಾಬಿನ್ ಚೀಲಕ್ಕೆ ಹಾಕಿಕೊಂಡು ಹುಬ್ಬಳ್ಳಿಯ ಪೇಟೆ ದುರ್ಗದಬೈಲಿಗೆ ಹೋದೆ. ಅಲ್ಲಿ ಒಂದು ಸಣ್ಣ ಸಂದಿಯಲ್ಲಿ ಮಷೀನು ರಿಪೇರಿ ಮಾಡುವ ಹಿರಿಯರೊಬ್ಬರು ಕೂರುತ್ತಾರೆ. ಎಪ್ಪತ್ತು ದಾಟಿರಬೇಕು. ಉಂಗುರ ಕೊಡುತ್ತಾ ಯಾಕೆ ಇಷ್ಟು ಸಪ್ಪಗಿದ್ದೀರಿ ಅಂತ ಕೇಳಿದರು. ಎಲ್ಲ ಹೇಳಿಕೊಂಡೆ.

ಅವರು ಏನೂ ಮಾತಾಡದೆ ಮೂರು ಬಾಬಿನ್‌ಗಳನ್ನು ಗಾಜಿನ ಮೇಲೆ ಸಾಲಾಗಿ ಇಟ್ಟರು. ಮಷೀನಿನ ಜೊತೆ ಬಂದ ಪ್ಲಾಸ್ಟಿಕ್‌ನದು, ಅವ್ವನದು, ನಾನು ಕೊಂಡದ್ದು. "ಬಗ್ಗಿ ನೋಡ್ರಿ" ಅಂದರು. ಕಣ್ಣನ್ನು ಗಾಜಿನ ಮಟ್ಟಕ್ಕೆ ತಂದೆ. ಮೊದಲ ಎರಡು ಒಂದೇ ಎತ್ತರ. ನನ್ನದು ಗಿಡ್ಡ. ವರ್ನಿಯರ್ ಹಿಡಿದು ಅಳೆದು ತೋರಿಸಿದರು. ಅಗಲ ಎಲ್ಲವೂ ಹತ್ತಿರ ಹತ್ತಿರ 20 ಮಿಲಿಮೀಟರ್. ಎತ್ತರ ಮಾತ್ರ ಅವೆರಡು ಸುಮಾರು 11.5, ನನ್ನದು 9. ನಾನು ಮೇಲಿನಿಂದ ಇಟ್ಟು ನೋಡಿದ್ದೆ. ಪಕ್ಕದಿಂದ ನೋಡಿರಲಿಲ್ಲ. ಇಂಥ ಬಾಬಿನ್‌ಗಳು ಅಗಲದಲ್ಲಿ ಅಷ್ಟಾಗಿ ಬೇರೆ ಇರುವುದಿಲ್ಲ. ಬೇರೆ ಇರುವುದು ಎತ್ತರದಲ್ಲಿ. ನನ್ನ ಹದಿನಾರು ದಿನದಲ್ಲಿ ಕಲಿತದ್ದರಲ್ಲಿ ಇದೊಂದು ನಿಮ್ಮ ತಲೆಯಲ್ಲಿ ಉಳಿದರೆ ಸಾಕು.

ಗಿಡ್ಡ ಬಾಬಿನ್ ಎತ್ತರದ ಕೇಸಿನೊಳಗೆ ಕೂತರೆ ಏನಾಗುತ್ತದೆ ಅಂತ ಅವರು ಬೆರಳಲ್ಲೇ ತೋರಿಸಿದರು. ಸೂಜಿ ಕೆಳಗೆ ಇಳಿದು ಮೇಲೇಳುವಾಗ ಮೇಲ್ದಾರದ ಒಂದು ಕುಣಿಕೆ ಬಿಡುತ್ತದೆ. ಶಟಲಿನ ಕೊಕ್ಕೆ ಆ ಕುಣಿಕೆಯನ್ನು ಹಿಡಿದು ಬಾಬಿನ್ ಕೇಸಿನ ಸುತ್ತ ದಾಟಿಸುತ್ತದೆ. ಹಾಗೆ ದಾಟಿದಾಗಲೇ ಎರಡು ದಾರ ಒಂದಕ್ಕೊಂದು ಹೆಣೆದುಕೊಳ್ಳುವುದು. ಪ್ರತಿ ಹೊಲಿಗೆಗೂ ಇಷ್ಟೂ ನಡೆಯಬೇಕು. ಆ ಹೊತ್ತಿನಲ್ಲಿ ಕೆಳದಾರ ಒಂದೇ ಹದದಲ್ಲಿ ಬಿಚ್ಚಿಕೊಳ್ಳಬೇಕು. ಎರಡೂವರೆ ಮಿಲಿಮೀಟರ್ ಜಾಗ ಖಾಲಿ ಇದ್ದರೆ ಬಾಬಿನ್ ಕುಣಿಯುತ್ತದೆ. ವಾಲಿದಾಗ ದಾರ ಬಿಗಿ, ನೆಟ್ಟಗಾದಾಗ ಸಡಿಲ. ನಾನು ಮೇಲೆ ಎಷ್ಟು ಟೆನ್ಷನ್ ತಿರುಗಿಸಿದರೂ ಅದು ಸರಿಯಾಗುವ ಮಾತೇ ಅಲ್ಲ.

ಅವರ ಭಾಷೆಯಲ್ಲಿ ಅವ್ವನದು "15 ನಂಬರ್". ಸಿಂಗರ್ ಕಂಪನಿಯ 15ನೇ ಮಾದರಿಯ ಮಷೀನಿನಿಂದ ಬಂದ ಹೆಸರು ಅದು. ನಮ್ಮ ಮನೆಗಳ ಕಪ್ಪು ಕಾಲು ಮಷೀನುಗಳಲ್ಲಿ ಹೆಚ್ಚಿನವು ಅದೇ ಮಾದರಿಯ ಹಾದಿ ಹಿಡಿದವು. ಈಗಿನ ಮನೆ ಮಷೀನುಗಳು ಕೂಡ ಬಹಳಷ್ಟು ಅದೇ ಅಳತೆಯ ಬಾಬಿನ್ ಕೇಳುತ್ತವೆ. ಪ್ಲಾಸ್ಟಿಕ್‌ನಲ್ಲಿ ಮುಖ ಸ್ವಲ್ಪ ಬಾಗಿರುವ ಒಂದು ಬಗೆಯೂ ಇದೆ, ಅದನ್ನು 15ಜೆ ಅನ್ನುತ್ತಾರೆ. ನಾನು ತಂದದ್ದು ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಓಡುವ, ಜೂಕಿ ಕಂಪನಿಯ ಬಗೆಯ ಮಷೀನಿನ ಬಾಬಿನ್. ಅದರಲ್ಲಿ ಏನೂ ದೋಷವಿಲ್ಲ, ಅದರ ಮನೆ ಬೇರೆ ಅಷ್ಟೆ. ಸಿಂಗರ್‌ನ 66ನೇ ಮಾದರಿಯದು ಇನ್ನೊಂದು, ಅದರ ಎರಡೂ ಮುಖ ಉಬ್ಬು. ಅದಕ್ಕೂ ಹಿಂದಿನ ಮಷೀನುಗಳಲ್ಲಿ ಉದ್ದನೆ ಕಡ್ಡಿಯಂಥ ಬಾಬಿನ್ ಇರುತ್ತಿತ್ತು, ಅದು ದೋಣಿಯಂಥ ಶಟಲಿನೊಳಗೆ ಕೂರುತ್ತಿತ್ತು ಅಂತ ಹೇಳಿ, ಡ್ರಾಯರಿನಿಂದ ಅಂಥದ್ದೊಂದನ್ನು ತೆಗೆದು ನನ್ನ ಅಂಗೈ ಮೇಲಿಟ್ಟರು.

ಅದನ್ನು ನೋಡಿ ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅದು ನಮ್ಮಜ್ಜಿಯ ಲಾಳಿ. ಒಳಗಿರುವುದು ನೂಲು ಸುತ್ತಿದ ಕಂಡಿಕೆ. ಗುಳೇದಗುಡ್ಡದ ಮಗ್ಗದಲ್ಲಿ ಆ ಕಡೆಯಿಂದ ಈ ಕಡೆಗೆ ಓಡುವ ಅದೇ ಲಾಳಿ, ಅಂಗೈಯಷ್ಟಾಗಿ ಮಷೀನಿನ ಹೊಟ್ಟೆ ಸೇರಿತ್ತು. 1846ರಲ್ಲಿ ಅಮೆರಿಕದ ಎಲಿಯಾಸ್ ಹೋವ್ ಪೇಟೆಂಟ್ ಪಡೆದ ಹೊಲಿಗೆ ಮಷೀನಿನಲ್ಲೂ ಕೆಳದಾರ ಓಡುತ್ತಿದ್ದದ್ದು ಲಾಳಿಯಲ್ಲೇ. ಆಮೇಲೆ ಅಲೆನ್ ವಿಲ್ಸನ್ ತಿರುಗುವ ಕೊಕ್ಕೆ ಮತ್ತು ದುಂಡನೆ ಬಾಬಿನ್ ತಂದರು.

ಹತ್ತು ಪ್ಲಾಸ್ಟಿಕ್ ಬಾಬಿನ್‌ಗೆ ₹150, ಎರಡು ರಬ್ಬರ್ ಉಂಗುರಕ್ಕೆ ₹30. ಸಲಹೆಗೆ ಒಂದು ಪೈಸೆಯನ್ನೂ ಅವರು ತಗೊಳ್ಳಲಿಲ್ಲ. ಪ್ಲಾಸ್ಟಿಕ್‌ನದೇ ಯಾಕೆ ಅಂದರೆ, ನನ್ನ ಮಷೀನಿನ ಪುಸ್ತಕದಲ್ಲಿ ಹಾಗೇ ಬರೆದಿದೆ. ಪುಸ್ತಕ ಕಳೆದಿದ್ದರೆ ಜೊತೆಗೆ ಬಂದ ಬಾಬಿನ್ ಒಂದನ್ನು ಅಂಗಡಿಗೆ ಒಯ್ಯಿರಿ. ಮಕ್ಕಳ ಕಂಪಾಸ್ ಪೆಟ್ಟಿಗೆಯ ಸ್ಕೇಲು ಸಾಕು, 9ಕ್ಕೂ 11.5ಕ್ಕೂ ವ್ಯತ್ಯಾಸ ಬರಿಗಣ್ಣಿಗೆ ಕಾಣುತ್ತದೆ. ಬಾಬಿನ್ ಮೇಲಿನಿಂದ ಹಾಕುವ ಮಷೀನು ನಿಮ್ಮದಾದರೆ ಇನ್ನೂ ಹುಷಾರಾಗಿರಿ. ಅದರೊಳಗಿನ ಪ್ಲಾಸ್ಟಿಕ್ ಗೂಡಿಗೆ ಸ್ಟೀಲ್ ಉಜ್ಜಿದರೆ ಗೂಡೇ ಸವೆಯುತ್ತದೆ.

ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಮುಗಿದಿರಲಿಲ್ಲ. ಸರಿಯಾದ ಬಾಬಿನ್ ಹಾಕಿದ ಮೇಲೆ ಗಡಗಡ ನಿಂತಿತು, ಗಂಟು ನಿಂತಿತು. ಆದರೆ ಖಣದ ಅಂಚಿನಲ್ಲಿ ಹೊಲಿಗೆ ಸಣ್ಣಗೆ ನಿರಿಗೆ ಕಟ್ಟುತ್ತಿತ್ತು. ಇಸ್ತ್ರಿ ಮಾಡಿದರೂ ಹೋಗುತ್ತಿರಲಿಲ್ಲ. ಬಾಬಿನ್ ತೆಗೆದು ಬೆರಳಲ್ಲಿ ಒತ್ತಿ ನೋಡಿದೆ. ಒಂದು ಹತ್ತಿಯ ಹಾಗೆ ಮೆತ್ತಗೆ, ಇನ್ನೊಂದು ಕಲ್ಲಿನ ಹಾಗೆ ಗಟ್ಟಿ. ಒಂದರಲ್ಲಿ ದಾರ ಒಂದು ಬದಿಗೆ ಗುಡ್ಡೆ ಬಿದ್ದಿತ್ತು.

ಆಗ ಅಜ್ಜಿ ನೆನಪಾದಳು. ಅವಳು ರಾಟೆ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದಳು. ನಾನು ರಾಟೆ ತಿರುಗಿಸುತ್ತೇನೆ ಅಂತ ಹಠ ಮಾಡಿ ಜೋರಾಗಿ ತಿರುಗಿಸಿದರೆ ಕೈ ಹಿಡಿದು ನಿಲ್ಲಿಸುತ್ತಿದ್ದಳು. ಅವಳ ಎಡಗೈಯ ಎರಡು ಬೆರಳ ನಡುವೆ ನೂಲು ಸದಾ ಒಂದೇ ಬಿಗಿಯಲ್ಲಿ ಜಾರುತ್ತಿತ್ತು. ಕಂಡಿಕೆ ಸಡಿಲಾದರೆ ಮಗ್ಗದಲ್ಲಿ ನೂಲು ರಾಶಿಯಾಗಿ ಕಳಚುತ್ತಿತ್ತು, ಅಜ್ಜ ಕೂಗುತ್ತಿದ್ದ. ಇಷ್ಟು ವರ್ಷ ಹೊಲಿದರೂ ಆ ಬೆರಳುಗಳ ಕೆಲಸವನ್ನು ಬಾಬಿನ್‌ಗೆ ಜೋಡಿಸಿ ನಾನು ನೋಡಿರಲಿಲ್ಲ.

ಮಷೀನಿನಲ್ಲಿ ಅಜ್ಜಿಯ ಬೆರಳಿನ ಕೆಲಸ ಮಾಡುವುದು ಎರಡು ಪುಟ್ಟ ಬಿಲ್ಲೆ. ನನ್ನ ಹೊಸ ಮಷೀನಿನಲ್ಲಿ ಅವು ಮೇಲ್ಗಡೆ ಇವೆ. ಅವ್ವನದರಲ್ಲಿ ಹಲಗೆಯ ಬಲಮೂಲೆಯಲ್ಲಿ. ದಾರ ಆ ಬಿಲ್ಲೆಗಳ ನಡುವೆ ಪೂರ್ತಿ ಒಳಗೆ ಕೂರಬೇಕು. ನಾನು ಸುಮ್ನೆ ಮೇಲೆ ತಾಗಿಸಿ ಬಿಡುತ್ತಿದ್ದೆ, ಅದಕ್ಕೇ ಮೆತ್ತಗಿನ ಬಾಬಿನ್. ಈಗ ಎರಡೂ ಕೈಯಲ್ಲಿ ದಾರ ಹಿಡಿದು ಹಲ್ಲಿನ ನಡುವೆ ಎಳೆದ ಹಾಗೆ ಎಳೆದು ಕೂರಿಸುತ್ತೇನೆ. ದಾರದ ತುದಿಯನ್ನು ಬಾಬಿನ್‌ನ ತೂತಿನಿಂದ ಒಳಗಿನಿಂದ ಹೊರಕ್ಕೆ ತೆಗೆದು ಹಿಡಿದುಕೊಳ್ಳುತ್ತೇನೆ. ಹತ್ತು ಹನ್ನೆರಡು ಸುತ್ತು ಆದ ಮೇಲೆ ನಿಲ್ಲಿಸಿ ಆ ತುದಿಯನ್ನು ಬುಡಕ್ಕೇ ಕತ್ತರಿಸುತ್ತೇನೆ. ಬಾಲ ಬಿಟ್ಟರೆ ಕೇಸಿನೊಳಗೆ ಸಿಕ್ಕಿಕೊಳ್ಳುತ್ತದೆ.

ವೇಗದ್ದೇ ದೊಡ್ಡ ಪಾಠ. ನಾವು ಈಗ ಹೊಲಿಯುವುದು ಹೆಚ್ಚಾಗಿ ಪಾಲಿಯೆಸ್ಟರ್ ದಾರದಲ್ಲಿ. ಪೆಡಲ್ ಪೂರ್ತಿ ಒತ್ತಿ ಜೋರಾಗಿ ಸುತ್ತಿದರೆ ಅದು ಹಿಗ್ಗಿಕೊಂಡು ಸುತ್ತಿಕೊಳ್ಳುತ್ತದೆ. ಬಟ್ಟೆಗೆ ಹೋದ ಮೇಲೆ ತನ್ನ ಉದ್ದಕ್ಕೆ ಕುಗ್ಗುತ್ತದೆ. ನನ್ನ ಖಣದ ಅಂಚು ನಿರಿಗೆ ಕಟ್ಟಿದ್ದು ಅದಕ್ಕೇ. ಈಗ ಅರ್ಧ ಪೆಡಲ್, ಒಂದೇ ಹದ. ಆ ತುದಿ ಕತ್ತರಿಸಿದ ಮೇಲೆ ನಡುವೆ ನಿಲ್ಲಿಸುವುದಿಲ್ಲ. ಅಂಚಿಗೆ ಸುಮಾರು 1 ಮಿಲಿಮೀಟರ್ ಉಳಿದಾಗ ನಿಲ್ಲಿಸುತ್ತೇನೆ. ತುಂಬ ತುಳುಕಿಸಿದರೆ ಕೇಸಿನ ಗೋಡೆಗೆ ಉಜ್ಜುತ್ತದೆ. ಒಂದು ಬಣ್ಣ ಸ್ವಲ್ಪ ಉಳಿದಿದೆ ಅಂತ ಅದರ ಮೇಲೆ ಇನ್ನೊಂದನ್ನು ಸುತ್ತುವ ಅಭ್ಯಾಸ ನನಗಿತ್ತು. ಈಗ ಬಿಟ್ಟಿದ್ದೇನೆ.

ಕಾಲು ಮಷೀನು ಇರುವವರು ಸುತ್ತುವ ಮುಂಚೆ ಚಕ್ರದ ನಡುವಿನ ಗುಂಡಿಯನ್ನು ಸಡಿಲ ಮಾಡಿಕೊಳ್ಳಿ. ಇಲ್ಲದಿದ್ದರೆ ಸೂಜಿಯೂ ಸುಮ್ಮನೆ ಮೇಲೆ ಕೆಳಗೆ ಕುಣಿಯುತ್ತಿರುತ್ತದೆ.

ಕೇಸಿಗೆ ಹಾಕುವಾಗ ದಿಕ್ಕು ನೋಡಿ. ನನ್ನ ಮಷೀನಿನಲ್ಲಿ ಬಾಬಿನ್ ನನ್ನ ಕಡೆ ಮುಖ ಮಾಡಿರುವಾಗ ದಾರ ಎಳೆದರೆ ಅದು ಗಡಿಯಾರದ ಮುಳ್ಳಿನ ಕಡೆಗೆ ತಿರುಗಬೇಕು. ಮೇಲಿನಿಂದ ಹಾಕುವ ಮಷೀನುಗಳಲ್ಲಿ ಸಾಮಾನ್ಯವಾಗಿ ಅದಕ್ಕೆ ಉಲ್ಟಾ. ಆಮೇಲೆ ದಾರವನ್ನು ಕೇಸಿನ ಸೀಳಿನಲ್ಲಿ ಎಳೆದು, ಅದನ್ನು ಒತ್ತಿ ಹಿಡಿಯುವ ಲೋಹದ ಪಟ್ಟಿಯ ಕೆಳಗೆ ತನ್ನಿ. ಪಟ್ಟಿಯ ಕೆಳಗೆ ಬಂತೋ ಇಲ್ಲವೋ ಅಂತ ತಿಳಿಯಲು ದುರ್ಗದಬೈಲಿನ ಹಿರಿಯರು ಒಂದು ಪರೀಕ್ಷೆ ಹೇಳಿಕೊಟ್ಟರು. ದಾರದ ತುದಿ ಹಿಡಿದು ಕೇಸನ್ನು ಜೋತುಬಿಡಿ. ತಾನಾಗಿಯೇ ಸರ್ರನೆ ಇಳಿದರೆ ಸಡಿಲ. ಕೈ ಸ್ವಲ್ಪ ಜಗ್ಗಿದಾಗ ಒಂದೆರಡು ಇಂಚು ಇಳಿದು ನಿಂತರೆ ಸರಿ. ಜಗ್ಗಿದರೂ ಅಲ್ಲಾಡದಿದ್ದರೆ ಬಿಗಿ. ಇನ್ನೊಂದು ಮಾತೂ ಹೇಳಿದರು. ಬಟ್ಟೆಯ ಕೆಳಗಡೆ ದಾರದ ಕುಣಿಕೆ ಕಂಡರೆ ಮೊದಲು ಮೇಲ್ದಾರ ಪೋಣಿಸಿದ್ದನ್ನು ನೋಡಬೇಕು. ಬಟ್ಟೆಯನ್ನು ಒತ್ತಿ ಹಿಡಿಯುವ ಮಷೀನಿನ ಪಾದವನ್ನು ಎತ್ತಿಟ್ಟು ಪೋಣಿಸಿದರೆ ಮಾತ್ರ ದಾರ ಟೆನ್ಷನ್ ಬಿಲ್ಲೆಗಳ ಒಳಗೆ ಹೋಗುತ್ತದೆ.

ಹದಿನಾರನೇ ದಿನ ಸಂಜೆ, ಮಳೆ ಸುರಿಯುತ್ತಿರುವಾಗ, ನೇರಳೆ ಖಣದ ಮೇಲೆ ಮೊದಲ ನೆಟ್ಟಗಿನ ಹೊಲಿಗೆ ಬಂತು. ಬೆಳಕಿಗೆ ಹಿಡಿದು ಮೇಲೆ ಕೆಳಗೆ ಎರಡೂ ಕಡೆ ನೋಡಿದೆ. ಒಂದೇ ತರಹ ಇತ್ತು. ಅಡುಗೆ ಮನೆಗೆ ಓಡಿಹೋಗಿ ಅತ್ತೆಗೆ ತೋರಿಸಿದೆ. ಅಲ್ಲಿಂದ ಆರು ದಿನ, ರಾತ್ರಿ ಹನ್ನೊಂದರವರೆಗೆ ಕೂತೆ. ಪಂಚಮಿಯ ಮುಂಚೆ ಏಳು ಕೊಟ್ಟೆ. ಇನ್ನೆರಡರ ಮನೆಯವರ ಹತ್ತಿರ ಕೈ ಮುಗಿದು ಕೇಳಿಕೊಂಡೆ, ಅವರು ಹಬ್ಬಕ್ಕೆ ಹಳೇ ಕುಪ್ಪಸವನ್ನೇ ತೊಟ್ಟರು. ಅವೆರಡರ ಹೊಲಿಗೆ ದುಡ್ಡು ನಾನು ತಗೊಳ್ಳಲಿಲ್ಲ.

ಖರ್ಚನ್ನೂ ಬರೆದುಬಿಡುತ್ತೇನೆ. ತಪ್ಪು ಬಾಬಿನ್, ಸೂಜಿ, ಭೇಟಿಯ ದುಡ್ಡು, ಕೇಸು, ಬದಲಿ ಖಣ, ಸರಿ ಬಾಬಿನ್, ರಬ್ಬರ್ ಉಂಗುರ ಎಲ್ಲ ಸೇರಿ ₹1,110. ಆಟೋಗೆ ₹160. ಒಟ್ಟು ₹1,270. ಇದರಲ್ಲಿ ಬಾಬಿನ್‌ನ ₹150 ಮತ್ತು ಉಂಗುರದ ₹30 ಬಿಟ್ಟರೆ ಮಿಕ್ಕದ್ದೆಲ್ಲ ಉಳಿಯಬಹುದಾಗಿದ್ದ ದುಡ್ಡು.

ಗಿಡ್ಡ ಬಾಬಿನ್‌ಗಳು ಹತ್ತೂ ಹೊಸದರಂತೆಯೇ ಇದ್ದವು. ಹಿಂದಿನ ಓಣಿಯಲ್ಲಿ ಒಬ್ಬರು ಗಾರ್ಮೆಂಟ್ಸ್ ಬಿಟ್ಟು ಬಂದು ಮನೆಯಲ್ಲೇ ಜೂಕಿ ಬಗೆಯ ಮಷೀನು ಇಟ್ಟುಕೊಂಡು ಯೂನಿಫಾರ್ಮ್ ಹೊಲಿಯುತ್ತಾರೆ. ಇವತ್ತು ಬೆಳಿಗ್ಗೆ ಅವರಿಗೆ ಒಯ್ದು ಕೊಟ್ಟೆ. ಒಂದನ್ನು ತೆಗೆದು ತಮ್ಮ ಕೇಸಿಗೆ ಹಾಕಿದರು. ಟಕ್ ಅಂತ ಕೂತಿತು.